ಅಪ್ಪನ ಜಾಗಕ್ಕೆ ಎರಡು ಚುಕ್ಕೆ

ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಏನು ಬರೆದರೂ ಸರಿಯಿದೆಯೋ ಇಲ್ಲವೋ ಎಂದು ತಿರುತಿರುಗಿ ನೋಡುವ ಅಂಜಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಆದ್ದರಿಂದ ಈ ಬರಹದಲ್ಲಿ ಎಲ್ಲಾದರೂ ಮಾತು ತಪ್ಪಿದ್ದರೆ, ಹೇಳಬೇಕಾದದ್ದು ಬಿಟ್ಟುಹೋಗಿದ್ದರೆ, ಓದುವವರು ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು.

ಬಾಗಲಕೋಟೆಯ ನವನಗರದ ಒಂದು ಖಾಸಗಿ ಕಚೇರಿಯಲ್ಲಿ ನನಗೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಗುತ್ತಿಗೆಯ ಕೆಲಸ. ಅಡಿಯಲ್ಲಿ ಉಪಗ್ರಹದ ಚಿತ್ರವಿರುತ್ತದೆ. ಅದರ ಮೇಲೆ ಹೊಲಗಳ ಗಡಿ ಒಂದು ಲೇಯರ್, ಬಾವಿಗಳದು ಇನ್ನೊಂದು. ಮನೆ, ಮರ, ಪೈಪು ಎಲ್ಲವೂ ಬೇರೆ ಬೇರೆ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಅವು ಕೂಡಿಕೊಳ್ಳುತ್ತವೆ. ಬಾದಾಮಿ ಕಡೆಯ ಹಳ್ಳಿಗಳ ಕೆಲಸ ಮುಗಿದು ಹುನಗುಂದದ ಪಾಳಿ ಬಂದಾಗ, ಹೊಸ ರಸ್ತೆಯೊಂದರ ಲೇಯರ್ ನಮ್ಮ ಕೈಗೆ ಸಿಕ್ಕಿತು. ರಸ್ತೆ ಹಾಯುವ ಜಾಗವನ್ನು ಅದರಲ್ಲಿ ಕೆಂಪು ಪಟ್ಟಿಯಾಗಿ ತೋರಿಸಿದ್ದರು. ಆ ಪಟ್ಟಿಯ ಕೆಳಗೆ ಏನೇನು ಬರುತ್ತದೆ ಎಂಬುದನ್ನು ನಾವು ಗುರುತಿಸಿ ಕೊಡಬೇಕಿತ್ತು. ಬಹಳ ಮುಖ್ಯವಾದದ್ದೇನಾದರೂ ಇದ್ದರೆ ಪಟ್ಟಿಯನ್ನು ಸ್ವಲ್ಪ ಸರಿಸುವ ಅವಕಾಶವೂ ಇತ್ತು.

ಪಟ್ಟಿ ಮಲಪ್ರಭೆಯ ದಂಡೆಯ ನಮ್ಮ ಹೊಲವನ್ನು ಸೀಳಿಕೊಂಡು ಹೋಗಿತ್ತು. ಅಪ್ಪನನ್ನು ಮಣ್ಣು ಮಾಡಿದ್ದು ಆ ಹೊಲದಲ್ಲಿಯೇ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಕುಳ್ಳಿರಿಸಿ ಮಣ್ಣು ಮಾಡುತ್ತೇವೆ. ಹೊಲವಿದ್ದವರು ತಮ್ಮ ಹೊಲದಲ್ಲಿ. ಅಪ್ಪ ತೀರಿದಾಗ ನಾನು ತೀರ ಸಣ್ಣವಳು. ಬದುವಿನ ಬನ್ನಿಗಿಡದ ಬುಡದಲ್ಲಿ ಮಣ್ಣು ಮಾಡಿ, ಮೇಲೊಂದು ಕಲ್ಲು ನಿಲ್ಲಿಸಿದ್ದರು. ಮುಂದೆ ಹೊಳೆ ಉಕ್ಕಿ ಬಂದ ವರ್ಷ ಗಿಡ, ಕಲ್ಲು, ಬದು ಎಲ್ಲವನ್ನೂ ನೀರು ಒಯ್ದಿತು. ಹೊಲದ ತುಂಬ ಹೂಳು ಹಾಸಿ ಹೋಯಿತು. ಆಮೇಲೆ ಆ ಜಾಗ ಮನೆಯವರ ನೆನಪಿನಲ್ಲಿ ಮಾತ್ರ ಉಳಿಯಿತು.

ಕಚೇರಿಯ ಮೇಲ್ವಿಚಾರಕರನ್ನು ಕೇಳಿದೆ. "ಸರ, ಹೊಲದಾಗಿನ ಸಮಾಧಿ ಯಾವ ಲೇಯರ್‌ನ್ಯಾಗ ಹಾಕೂದ್ರಿ?"

"ಊರ ಸ್ಮಶಾನದ್ದು ಐತೆಲ್ಲವಾ."

"ಸ್ವಂತ ಹೊಲದಾಗಿಂದು ಅದರಾಗ ಬರಂಗಿಲ್ರಿ."

ಪಕ್ಕದ ಮೇಜಿನ ಸಹೋದ್ಯೋಗಿ ತಲೆ ಎತ್ತಿದ. "ಹಂಗಾದ್ರ ದೆವ್ವಗೋಳಿಗೂ ಒಂದು ಲೇಯರ್ ಮಾಡಿಬಿಡ್ರಿ ಸರ. ಅಮಾಸಿಗೊಮ್ಮೆ ಅಪ್ಡೇಟ್ ಮಾಡೂಣು."

ಎಲ್ಲರೂ ನಕ್ಕರು. ನಗದಿದ್ದರೆ ತಪ್ಪಾದೀತೆಂದು ನಾನೂ ನಕ್ಕೆ. ನಂತರ, "ಅದು ನಮ್ಮಪ್ಪಂದ್ರಿ" ಎಂದೆ.

ಮೇಲ್ವಿಚಾರಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಲೇಯರ್ ಮಾಡಿ ಕೊಡ್ತೇನವಾ. ಆದ್ರ ಒಬ್ಬರಿಗೆ ಒಂದ ಚುಕ್ಕಿ. ಮನಿಯವರೆಲ್ಲಾ ಇಲ್ಲೇ ಅಂತ ಒಪ್ಪಿರಬೇಕು. ಸೋಮವಾರ ನಕ್ಷಿ ಕಳಸೂದೈತಿ."

ಭಾನುವಾರ ಜಾಗ ಗುರುತಿಸುವ ಯಂತ್ರ ಹಿಡಿದು ಊರಿಗೆ ಹೋದೆ. ಅವ್ವ ಹೊಲದೊಳಗೆ ನೇರವಾಗಿ ನಡೆದು ಒಂದು ಕಡೆ ನಿಂತಳು. "ಇಲ್ಲೇ."

ಅಪ್ಪನ ತಮ್ಮ, ನಮ್ಮ ಕಾಕಾ, ಬಾವಿಯ ಕಡೆ ಇನ್ನಷ್ಟು ದೂರ ಹೋಗಿ ನಿಂತರು. "ಅಲ್ಲ ಅತ್ತಿಗೆವ್ವಾ, ಇಲ್ಲಿ. ಕುಣಿ ತೋಡಿದಾಂವ ನಾನು."

"ತೋಡಿದಿ ಖರೆ. ಆಮ್ಯಾಲೆ ಒಂದ ದಿನಾನರ ಈ ಕಡೆ ಹಣಿಕಿ ಹಾಕೀಯೇನಪಾ? ಅಮಾಸಿ ಅಮಾಸಿಗೆ ಎಡಿ ತಂದಾಕಿ ನಾನು."

"ಅವತ್ತ ನಿನಗ ಖಬರರ ಎಲ್ಲಿತ್ತು? ಮಂದಿ ಹಿಡಕೊಂಡು ನಿಂತಿದ್ರು ನಿನ್ನ."

"ನನ್ನ ಗಂಡ ಎಲ್ಲಿ ಕುಂತಾನಂತ ನನಗ ನೀ ಹೇಳಬ್ಯಾಡ."

ಇಬ್ಬರು ನಿಂತಲ್ಲಿಯೂ ಒಂದೊಂದು ಚುಕ್ಕೆ ತೆಗೆದುಕೊಂಡೆ. ಯಂತ್ರದ ಪುಟ್ಟ ಪರದೆಯಲ್ಲಿ ಅವು ಹತ್ತಿರ ಹತ್ತಿರವೇ ಕಂಡವು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಕಚೇರಿಗೆ ಹೋಗಿ ಅವನ್ನು ನಕ್ಷೆಯ ಮೇಲೆ ಇಳಿಸಿದೆ. ಅವ್ವನ ಚುಕ್ಕೆ ಕೆಂಪು ಪಟ್ಟಿಯ ನಟ್ಟನಡುವೆ ಇತ್ತು, ಕಾಕಾನದು ಪಟ್ಟಿಯ ಹೊರಗೆ.

ಹೊಳೆ ಬರುವುದಕ್ಕಿಂತ ಹಿಂದಿನ ಉಪಗ್ರಹ ಚಿತ್ರವನ್ನು ಹುಡುಕಿ ತೆಗೆದೆ. ಹಳೆಯ ಚಿತ್ರ ಹೊಸದರ ಮೇಲೆ ಸರಿಯಾಗಿ ಕೂಡಲಿಲ್ಲ. ಬಾವಿಯನ್ನು ಬಾವಿಯ ಮೇಲೆ, ಗಡಿಯನ್ನು ಗಡಿಯ ಮೇಲೆ ತಂದು ಹೊಂದಿಸಿದೆ. ಹಳೆಯ ಬದು ಕಂಡಿತು. ಅದರ ಮೇಲೆ ಗಿಡಗಳೆಂದು ಹೇಳಬಹುದಾದ ಎರಡು ಕಪ್ಪು ಕಲೆಗಳಿದ್ದವು. ಒಂದು ಅವ್ವ ನಿಂತಲ್ಲಿ, ಇನ್ನೊಂದು ಕಾಕಾ ನಿಂತಲ್ಲಿ.

ಅವ್ವನಿಗೆ ಫೋನ್ ಮಾಡಿದೆ. "ಬದುವಿನ ಮ್ಯಾಲೆ ಯಾವ ಯಾವ ಗಿಡಾ ಇದ್ದೂ ಅವ್ವಾ?"

"ಒಂದು ಬನ್ನಿ, ಒಂದು ಜಾಲಿ. ಬನ್ನಿ ನಾ ನಿಂತಿದ್ನೆಲ್ಲ, ಅಲ್ಲಿ."

ಕಾಕಾನಿಗೆ ಮಾಡಿದೆ. ಬನ್ನಿ ತಾವು ನಿಂತಲ್ಲಿತ್ತು, ಜಾಲಿ ಅವ್ವ ನಿಂತಲ್ಲಿತ್ತು ಎಂದರು. ಆಮೇಲೆ, "ನೀ ಕಲತಾಕಿ. ಅವ್ವ ಅಳ್ತಾಳಂತ ಸುಳ್ಳ ಬರೀಬ್ಯಾಡ" ಎಂದರು.

ಮೇಲಿನಿಂದ ನೋಡಿದಾಗ ಬನ್ನಿಗೂ ಜಾಲಿಗೂ ವ್ಯತ್ಯಾಸವಿಲ್ಲ. ಚಿತ್ರವನ್ನು ದೊಡ್ಡದು ಮಾಡಿದೆ. ಕಲೆ ಒಡೆದು ಬರಿಯ ಚೌಕಗಳಾಯಿತು. ಸಣ್ಣದು ಮಾಡಿದೆ, ಬಣ್ಣ ಬದಲಿಸಿದೆ, ಮತ್ತೆ ದೊಡ್ಡದು ಮಾಡಿದೆ. ಅಪ್ಪನ ಮುಖ ನನಗೆ ನೆನಪಿಲ್ಲ. ಈ ಒಂದು ಜಾಗವಾದರೂ ನನ್ನಿಂದ ಉಳಿಯಲಿ ಎಂದು ಆ ಚೌಕಗಳನ್ನು ಬೇಡಿಕೊಂಡೆ. ಓದಿದ ಓದಿನಲ್ಲಿ ಇದಕ್ಕೆ ಏನಾದರೂ ಉಪಾಯವಿದ್ದೀತೆಂದು ಯೋಚಿಸಿದೆ. ಏನೂ ಹೊಳೆಯಲಿಲ್ಲ.

"ಸರ, ಅವ್ವ ಹೇಳಿದ್ದನ್ನರ ಹಿಡೀರಿ" ಎಂದು ಮೇಲ್ವಿಚಾರಕರ ಮುಂದೆ ನಿಂತೆ.

"ನಿಮ್ಮ ಮನಿಯವರ ಒಪ್ಪಲಾರದ್ದನ್ನ ನಾ ಹೊರಗಿನವರಿಗೆ ಹೆಂಗ ಒಪ್ಪಸ್ಲೆವಾ?"

ಕೊನೆಗೆ ಎರಡೂ ಚುಕ್ಕೆಗಳನ್ನು ಇಟ್ಟು, ಷರಾದಲ್ಲಿ 'ಕುಟುಂಬದವರಲ್ಲಿ ಒಮ್ಮತವಿಲ್ಲ' ಎಂದು ಬರೆದೆವು. ಆ ಲೇಯರ್‌ನಲ್ಲಿ ಬೇರೇನೂ ಇರಲಿಲ್ಲ. ಕೆಲವು ತಿಂಗಳ ನಂತರ ರಸ್ತೆ ಮಾಡುವವರಿಂದ ಉತ್ತರ ಬಂತು: ಜಾಗ ಖಚಿತವಿಲ್ಲ, ರಸ್ತೆ ಸರಿಯುವುದಿಲ್ಲ.

ರಸ್ತೆ ಕೆಲಸದ ಯಂತ್ರಗಳು ಬಂದ ದಿನ ಕಾಕಾ ಅಯ್ಯನವರನ್ನು ಕರೆತಂದು ಎರಡೂ ಕಡೆ ಪೂಜೆ ಮಾಡಿಸಿದರು. ಅವ್ವ ತೋರಿಸಿದ ಕಡೆ ಯಂತ್ರಗಳು ಮೇಲಿನ ಮಣ್ಣನ್ನು ಕೆರೆದು ಪಕ್ಕಕ್ಕೆ ಸರಿಸಿದವು. ಏನೂ ಕಾಣಲಿಲ್ಲ. "ನೋಡಿದಿ? ಇಲ್ಲಿರಲಿಲ್ಲ ಅಣ್ಣ" ಎಂದು ಕಾಕಾ ನಿಟ್ಟುಸಿರು ಬಿಟ್ಟರು.

"ಮ್ಯಾಲ ಮ್ಯಾಲ ಕೆರದ್ರ ಎಲ್ಲಿ ಕಾಣ್ತಾನ? ಇನ್ನ ಮ್ಯಾಲ ಗರಸು ಸುರೀತಾರ" ಎಂದಳು ಅವ್ವ. ಸಂಜೆಯ ಹೊತ್ತಿಗೆ ಆ ಜಾಗದ ಮೇಲೆ ಲಾರಿಗಳು ರಸ್ತೆಗೆ ಹಾಸುವ ಗರಸು ಮಣ್ಣನ್ನು ಸುರಿದವು.

ಆಮೇಲೆ ನಮ್ಮ ಮನೆಯಲ್ಲಿ ಬದಲಾದದ್ದನ್ನು ಹೇಳಿ ಮುಗಿಸುತ್ತೇನೆ. ರಸ್ತೆಯಿಂದ ಹೊಲ ಇಬ್ಭಾಗವಾಯಿತು. ಬಾವಿಯ ಕಡೆಯದು ಕಾಕಾನಿಗೆ, ಈಚೆಯದು ನಮಗೆ. ಒಂದೇ ಒಲೆಯಿದ್ದ ಮನೆಯ ನಡುವೆ ಗೋಡೆ ಎದ್ದಿದೆ. ಅವ್ವ ಕಾಕಾನೊಡನೆ ಮಾತನಾಡುವುದಿಲ್ಲ. ಅಮಾವಾಸ್ಯೆಯ ಎಡೆಯನ್ನು ಮನೆಯೊಳಗಿನ ದೇವರ ಜಗುಲಿಯ ಮೇಲೆಯೇ ಇಡುತ್ತಾಳೆ. ಇಳಕಲ್ಲಿನ ತವರಿಗೆ ಹೋಗುವಾಗ ಹೊಸ ರಸ್ತೆಯ ಬಸ್ಸು ಹತ್ತುವುದಿಲ್ಲ. ಸುತ್ತಾದರೂ ಹಳೆಯ ದಾರಿಯಲ್ಲೇ ಹೋಗುತ್ತಾಳೆ. ನಾನು ಈಗಲೂ ಅದೇ ಕಚೇರಿಯಲ್ಲಿದ್ದೇನೆ.