ವಿಭೂತಿ ಡಬ್ಬಿಯ ಹಾಲಿನ ಪುಡಿ

ವಿಮಾನ ಬಿದ್ದರೆ ಗತಿ ಏನು ಎಂದು ನನ್ನ ಅತ್ತೆ ಒಮ್ಮೆಯೂ ಕೇಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಲಿದ್ದ ಅವರು ಕೇಳಿದ್ದು ಬೇರೆಯದೇ. “ನಮ್ಮ ಕಡಿ ಮಂದಿ ಯಾರಾರ ಇರ್ತಾರೇನು ಅಲ್ಲಿ?”

ಯಾರೂ ಇರುವುದಿಲ್ಲ ಎಂದೆ. ಹೈದರಾಬಾದಿನಿಂದ ಮಸ್ಕತ್ತಿಗೆ ಹೋಗುವ ವಿಮಾನದಲ್ಲಿ ನಿಲಂಗಾ, ಉಮರಗಾದ ಮಂದಿ ಯಾಕಿದ್ದಾರು? ಅವರಿಗೆ ಅರ್ಧ ಸಮಾಧಾನವಾಯಿತು. ಇನ್ನರ್ಧಕ್ಕೆ ತಮ್ಮದೇ ಒಂದು ಉಪಾಯ ಮಾಡಿಕೊಂಡರು. ಆ ಉಪಾಯವನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ, ನಗುವೂ ಬರುತ್ತದೆ.

ನನ್ನ ಮಗಳಿಗೆ ಆಗ ಐದು ತಿಂಗಳು. ಗಂಡ ಮಸ್ಕತ್ತಿನಲ್ಲಿ ರಸ್ತೆ ಹಾಕುವ ಕಂಪನಿಯೊಂದರಲ್ಲಿ ಮೇಲ್ವಿಚಾರಕ. ರಜೆ ಸಿಗದೆ ಮಗಳ ಮುಖವನ್ನು ಫೋನಿನಲ್ಲಷ್ಟೇ ನೋಡಿದ್ದ. ಕೂಸಿಗೆ ಪಾಸ್‌ಪೋರ್ಟ್ ಬಂದ ಕೂಡಲೇ ತನ್ನ ತಾಯಿಗೂ ನನಗೂ ಟಿಕೆಟ್ ಕಳಿಸಿ, ಕರೆದುಕೊಂಡು ಬನ್ನಿ ಎಂದ. ನನಗೆ ಎದೆಹಾಲು ಬಂದಿರಲಿಲ್ಲ. ಬಂದಿರಲಿಲ್ಲ ಎಂದರೆ ಬಂದಿರಲಿಲ್ಲ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಉದಗೀರದ ಮಕ್ಕಳ ಡಾಕ್ಟರು ಹಾಲಿನ ಪುಡಿ ಬರೆದುಕೊಟ್ಟರು. ಕಾಯಿಸಿದ ಬೆಚ್ಚನೆಯ ನೀರಿಗೆ ಅಳತೆಯ ಚಮಚದಿಂದ ಪುಡಿ ಹಾಕಿ ಬಾಟಲಿ ಅಲ್ಲಾಡಿಸಿದರೆ ಆಯಿತು. ಕೂಸು ಅದನ್ನೇ ಕುಡಿದು ದುಂಡಗೆ ಬೆಳೆಯುತ್ತಿತ್ತು.

ನಿಲಂಗಾಕ್ಕೂ ಔರಾದ ಶಹಾಜನಿಗೂ ನಡುವೆ ಇರುವ ನಮ್ಮ ಊರಿನಲ್ಲಿ ಇದಕ್ಕೆ “ಮ್ಯಾಲಿನ ಹಾಲು” ಎನ್ನುತ್ತಾರೆ. ಆ ಮಾತು ಬಂದಾಗ ಹೆಂಗಸರ ದನಿ ಇಳಿಯುತ್ತದೆ, ಯಾರದೋ ಮಗಳು ಓಡಿಹೋದಳು ಎನ್ನುವಾಗ ಇಳಿಯುವ ಹಾಗೆ. ಕೂಸು ನೋಡಲು ಬಂದವರ ಕಣ್ಣು ಕೂಸಿಗಿಂತ ನನ್ನ ರವಿಕೆಯ ಮೇಲೇ ಹೆಚ್ಚು. ಒಬ್ಬಳು ಅಳವಿ ಬೀಜದ ಖೀರು ಕುಡಿ ಎಂದಳು, ಮತ್ತೊಬ್ಬಳು ಸಬ್ಬಸಗಿ ಪಲ್ಯ ತಿನ್ನು ಎಂದಳು. ಎಲ್ಲ ತಿಂದೆ. ನನ್ನ ಸೊಂಟ ಬೆಳೆಯಿತು, ಹಾಲು ಬರಲಿಲ್ಲ. ಬಂದವರು ನಮ್ಮ ಚಹಾ ಕುಡಿದು, ನಮ್ಮ ಚೂಡಾ ತಿಂದು, ಹೊಸ್ತಿಲಲ್ಲಿ ನಿಂತು ಲೊಚಗುಟ್ಟಿ ಹೋಗುತ್ತಿದ್ದರು. ಅಂಥ ಕರುಣೆಗಿಂತ ಬೈಗುಳ ಎಷ್ಟೋ ವಾಸಿ. ಪುಡಿಯ ಡಬ್ಬಿಯೂ ಅವರ ಪಕ್ಷವೇ. ತಾಯಿಯ ಹಾಲೇ ಕೂಸಿಗೆ ಎಲ್ಲಕ್ಕಿಂತ ಉತ್ತಮ ಎಂದು ಅದರ ಮೈಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ, ಪ್ರತಿ ಸಲ ಮುಚ್ಚಳ ತೆಗೆಯುವಾಗ ಅದನ್ನು ಓದಬೇಕು.

ಅತ್ತೆಯ ನಾಚಿಕೆಗೆ ಬೇರೊಂದು ಕಾರಣವೂ ಇತ್ತು. ನನ್ನನ್ನು ನೋಡುವ ಮೊದಲು ಅವರು ಮಗನಿಗಾಗಿ ಉಮರಗಾದ ಹುಡುಗಿಯೊಬ್ಬಳನ್ನು ನೋಡಿದ್ದರು. ಹುಡುಗಿ ಚೆಲುವೆ, ಓದಿದವಳು, ಮನೆತನವೂ ಒಳ್ಳೆಯದು. “ಹುಡುಗಿ ಭಾಳ ಸಣಕಲ ಅದಾಳ, ನಾಳಿ ಕೂಸಿಗಿ ಹಾಲು ಎಲ್ಲಿಂದ ತರ್ತಾಳ?” ಎಂದು ಆ ಹುಡುಗಿಯ ತಾಯಿಯ ಎದುರಿಗೇ ಹೇಳಿ ಎದ್ದು ಬಂದರಂತೆ. ಆಮೇಲೆ ಭಾಲ್ಕಿ ಕಡೆಯಿಂದ ನನ್ನನ್ನು ತಂದರು. ನಾನು ಗಟ್ಟಿಮುಟ್ಟಾಗಿದ್ದೆ. ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ ನೋಡಿ ಒಪ್ಪಿದರು. ನಾನು ಏನು ಓದಿದ್ದೇನೆ ಎಂದು ಆ ದಿನ ಒಬ್ಬರೂ ಕೇಳಲಿಲ್ಲ. ಈಗ ಈ ಗಟ್ಟಿಮುಟ್ಟು ಸೊಸೆಯ ಕೂಸು ಡಬ್ಬಿ ಹಾಲು ಕುಡಿಯುತ್ತದೆ ಎಂಬ ಸುದ್ದಿ ಉಮರಗಾ ಮುಟ್ಟಬಾರದು. ಅತ್ತೆಗೆ ಬೇರೆ ಚಿಂತೆಯೇ ಇರಲಿಲ್ಲ.

ಅದಕ್ಕಾಗಿ ಹಾಲಿನ ಪುಡಿ ದೇವರ ಜಗಲಿ ಏರಿತು. ವಿಭೂತಿ ಗಟ್ಟಿಗಳನ್ನು ಇಡುತ್ತಿದ್ದ ಹಳೆಯ ಸ್ಟೀಲ್ ಡಬ್ಬಿಯನ್ನು ತಿಕ್ಕಿ ತೊಳೆದು, ಒಣಗಿಸಿ, ಪುಡಿಯನ್ನು ಅದಕ್ಕೆ ಸುರುವಿ, ಪೂಜೆಯ ಸಾಮಾನಿನ ಪಕ್ಕ ಇಟ್ಟರು. ಸ್ನಾನವಾಗದೆ ಯಾರೂ ಅಲ್ಲಿ ಕೈ ಹಾಕುವುದಿಲ್ಲ, ಬಂದ ನೆಂಟರಂತೂ ಮುಟ್ಟುವುದೇ ಇಲ್ಲ. ಲಿಂಗಕ್ಕೆ ಎರಡು ಹೊತ್ತು ಪೂಜೆ ಮಾಡುವ ಹೆಂಗಸು ದೇವರ ಮುಂದೆಯೇ ಈ ಕಳ್ಳಾಟ ಹೂಡಿದ್ದು ನೋಡಿ ನನಗೆ ಹೇಸಿಗೆಯಾಯಿತು. ಖಾಲಿ ಡಬ್ಬಿಗಳನ್ನು ತಿಪ್ಪೆಯಲ್ಲಿ ಹೂಳುತ್ತಿದ್ದರು. ಮಳೆಗಾಲದ ಮುಂಚೆ ಗೊಬ್ಬರ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋದಾಗ ಡಬ್ಬಿಗಳೂ ಹೋದವು, ಬಿಸಿಲಿಗೆ ಹೊಲದ ತುಂಬ ಮಿಂಚಿದವು. ಸೋಯಾಬೀನ್ ಬೀಜಕ್ಕೆ ಹಚ್ಚುವ ಔಷಧದ್ದು ಎಂದು ಅತ್ತೆ ಆಳುಗಳಿಗೆ ಹೇಳಿದರು. ಆಳುಗಳು ತಲೆಯಾಡಿಸಿದರು. ಅವರ ಮನೆಯಲ್ಲಿ ಮಕ್ಕಳಿಲ್ಲವೇ, ಅವರಿಗೆ ಕಣ್ಣಿಲ್ಲವೇ? ಊರಿಗೆಲ್ಲ ಗೊತ್ತಿದ್ದ ಗುಟ್ಟನ್ನು ನಮ್ಮ ಮನೆಯವರು ಮಾತ್ರ ಕಾಯುತ್ತ ಕುಳಿತಿದ್ದರು.

ಹೊರಡುವ ಮುನ್ನ ಗಂಡ ಫೋನಿನಲ್ಲಿ ಬಿಡಿಸಿ ಹೇಳಿದ್ದ. ದೊಡ್ಡವರ ನೀರನ್ನು ತಪಾಸಣೆಯಲ್ಲಿ ಬಿಡುವುದಿಲ್ಲ. ಕೂಸಿನ ಹಾಲಿಗೆ ಬೇಕಾದ ನೀರನ್ನು ಬಿಡುತ್ತಾರೆ. ಪುಡಿ ಅದರ ಡಬ್ಬಿಯಲ್ಲೇ ಇರಲಿ, ಕೇಳಿದರೆ ಕೂಸಿನದು ಎಂದು ಹೇಳಿ. ಇಷ್ಟು ಸರಳ. ಆದರೆ ಶಿರೂರ ಅನಂತಪಾಳದಲ್ಲಿ ಅತ್ತೆಯ ದೂರದ ತಮ್ಮನೊಬ್ಬನಿದ್ದಾನೆ. ಒಂದು ಕಾಲದಲ್ಲಿ ದುಬೈ ನೋಡಿ ಬಂದವನು. ಆಮೇಲೆ ಅವನಿಗೆ ತಿಳಿಯದ ವಿಷಯವೇ ಭೂಮಿಯ ಮೇಲೆ ಉಳಿದಿಲ್ಲ. “ಡಬ್ಬಿ ಕಂಡ್ರ ಒಡದು ನೋಡ್ತಾರ, ಎಲ್ಲಾ ಮಂದಿ ಮುಂದ ಹಿಡದು ತೋರಸ್ತಾರ” ಎಂದು ಅವನು ಹೆದರಿಸಿದ. ಮಂದಿ ಮುಂದೆ ಎಂಬ ಒಂದು ಮಾತು ಸಾಕಾಯಿತು. ನಾನು ಎತ್ತಿಟ್ಟಿದ್ದ ಸೀಲಾದ ಡಬ್ಬಿಯನ್ನು ಅತ್ತೆ ಚೀಲದಿಂದ ತೆಗೆದು, ವಿಭೂತಿ ಡಬ್ಬಿಯನ್ನು ಇಟ್ಟುಕೊಂಡರು. ಥರ್ಮಾಸಿನಲ್ಲಿ ಕಾಯಿಸಿದ ನೀರು ತುಂಬಿದ್ದು ನಾನು. ಡಬ್ಬಿ ಬದಲಿಸಿದ್ದಕ್ಕೆ ನಾವು ಜೀಪಿನಲ್ಲಿ ಜಹೀರಾಬಾದಿನ ತನಕ ಜಗಳವಾಡಿದೆವು. ಅಲ್ಲಿ ಕೂಸಿಗೆ ಹಾಲು ಕುಡಿಸಿದೆ. ಅದಾದ ಮೇಲೆ ಅದು ಮಲಗಿಬಿಟ್ಟಿತು.

ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನಮ್ಮ ಹಿಂದಿನಿಂದ ಒಂದು ದನಿ ಬಂತು.

“ಶರಣ್ರಿ ಅಕ್ಕಾರ.”

ಅತ್ತೆಯ ಮುಖದ ಬಣ್ಣ ಇಳಿಯಿತು. ಅದು ಉಮರಗಾದ ಅದೇ ಹುಡುಗಿಯ ತಾಯಿ. ಮಗಳನ್ನು ಮಸ್ಕತ್ತಿನಲ್ಲಿರುವ ವರನಿಗೇ ಕೊಟ್ಟಿದ್ದಳಂತೆ. ಆಗಲೇ ಹೆತ್ತಿದ್ದ ಮಗಳ ಬಾಣಂತನಕ್ಕೆ ಹೊರಟಿದ್ದಳು, ಅಂಟಿನ ಉಂಡಿಯ ಘಮ ಅವಳ ಚೀಲದಿಂದ ಹೊಡೆಯುತ್ತಿತ್ತು. ಹಣೆಯಲ್ಲಿ ವಿಭೂತಿ ಬೆವರಿಗೆ ಅಳಿಸಿಹೋಗಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಯಾರ ಬದಲು ಯಾರನ್ನು ತಂದಿದ್ದಾರೆ ಎಂದು ಅಳೆಯುವ ನೋಟ ಅದು. ಇವಳೂ ಆ ಎಮ್ಮೆ ಸಂತೆಯವಳೇ ಎಂದು ನನಗೆ ಆಗಲೇ ತಿಳಿಯಿತು.

ನಮ್ಮ ಚೀಲ ಯಂತ್ರದಿಂದ ಹೊರಬಂದದ್ದೇ ಪಕ್ಕಕ್ಕೆ ಸರಿಯಿತು. ಖಾಕಿ ತೊಟ್ಟ ಹೆಣ್ಣುಮಗಳೊಬ್ಬಳು ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ, ಇದೇನು ಎಂದು ಹಿಂದಿಯಲ್ಲಿ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, “ವಿಭೂತಿ. ಭಗವಾನ್ ಕಾ” ಎಂದುಬಿಟ್ಟರು. ವಿಭೂತಿಯೊಳಗೆ ಪ್ಲಾಸ್ಟಿಕ್ಕಿನ ಅಳತೆ ಚಮಚ ಯಾಕೆ ಎಂದು ಅವಳು ಅದನ್ನು ಎತ್ತಿ ಹಿಡಿದಳು. ಅತ್ತೆ ಡಬ್ಬಿಗೆ ಕೈ ಹಾಕಿದರು. ಮೂರು ಬೆರಳನ್ನು ಪುಡಿಯಲ್ಲಿ ಅದ್ದಿ, ಕಣ್ಣು ಮುಚ್ಚಿ, ಹಣೆಯ ಮೇಲೆ ಅಡ್ಡಕ್ಕೆ ಎಳೆದುಕೊಂಡರು. ಐದು ತಿಂಗಳ ಕೂಸಿನ ಊಟ ಅಜ್ಜಿಯ ಹಣೆಯಲ್ಲಿ ಹಳದಿ ಹಳದಿಯಾಗಿ ಕುಳಿತಿತು.

ಅಷ್ಟಕ್ಕೇ ಮುಗಿಯಲಿಲ್ಲ. “ನನಗೂ ಇಷ್ಟು ಕೊಡ್ರಿ ಅಕ್ಕಾರ, ನನ್ನ ವಿಭೂತಿ ಗಟ್ಟಿ ದೊಡ್ಡ ಬ್ಯಾಗಿನ್ಯಾಗ ಹೋಗ್ಯಾದ” ಎಂದು ಉಮರಗಾದವಳು ಕೈ ಚಾಚಿದಳು. ಅತ್ತೆ ಕೊಡದೆ ಏನು ಮಾಡಿಯಾರು? ಅವಳೂ ಭಕ್ತಿಯಿಂದ ಹಚ್ಚಿಕೊಂಡಳು. ಬೆವರಿಗೆ ಪುಡಿ ಕಲಸಿ ಗೋಂದಿನ ಹಾಗಾಯಿತು. ಸಿಹಿ ಹಾಲಿನ ವಾಸನೆ ನನ್ನ ಮೂಗಿನ ತನಕ ಬಂತು. ಖಾಕಿಯವಳು ಇಬ್ಬರ ಹಣೆಯನ್ನೂ ನೋಡಿ, ಆಮೇಲೆ ಥರ್ಮಾಸ್ ಎತ್ತಿದಳು. ಈ ನೀರು ಯಾರದು?

“ನಂದೇ. ಕೆಮ್ಮು ಅದ” ಎಂದು ಅತ್ತೆ ಕೆಮ್ಮಿ ತೋರಿಸಿದರು.

ಹಾಗಾದರೆ ಬಿಡಲಾಗುವುದಿಲ್ಲ ಎಂದಳು ಅವಳು. ಕೂಸಿನ ನೀರಾಗಿದ್ದರೆ ಬೇರೆ ಮಾತು. ಪಕ್ಕದ ದೊಡ್ಡ ಕಸದ ಡಬ್ಬದ ಕಡೆ ಕೈ ತೋರಿಸಿ, ಥರ್ಮಾಸಿನ ಬಿರಡೆ ತಿರುವತೊಡಗಿದಳು. ಚೀಟಿಯಿಲ್ಲದ ಪುಡಿಯನ್ನೂ ಒಳಗೆ ಕಳಿಸುವಂತಿಲ್ಲ, ಪರೀಕ್ಷೆಯಾಗಬೇಕು ಎಂದು ಡಬ್ಬಿಯನ್ನು ಅತ್ತ ಸರಿಸಿದಳು. ಆಗಲೇ ನನ್ನ ಹೆಗಲ ಮೇಲಿದ್ದ ಮಗಳು ಎಚ್ಚರಾಗಿ ಅಳಲು ಶುರುಮಾಡಿದಳು. ಹಸಿವಿನ ಅಳು ತಾಯಿಗೆ ತಿಳಿಯುತ್ತದೆ, ಹಾಲಿಲ್ಲದ ತಾಯಿಗೂ ತಿಳಿಯುತ್ತದೆ. ಪುಡಿ ಹೋಯಿತು, ನೀರೂ ಹೋಗಲಿದೆ. ಸಮುದ್ರ ದಾಟುವ ತನಕ ಈ ಕೂಸಿಗೆ ನಾನು ಏನು ಕೊಡಲಿ, ಅತ್ತೆಯ ಇಜ್ಜತ್ತನ್ನೇ?

“ಅದು ವಿಭೂತಿ ಅಲ್ಲ,” ಎಂದು ಹಿಂದಿಯಲ್ಲಿ ಕೂಗಿದೆ. “ಕೂಸಿನ ಹಾಲಿನ ಪುಡಿ. ನೀರೂ ಕೂಸಿನದೇ. ನನಗೆ ಹಾಲು ಬಂದಿಲ್ಲ.”

“ಏ, ಸುಮ್ನಿರು! ಲಾಜ್ ಇಲ್ಲೇನು ನಿನಗ?” ಅತ್ತೆ ನನ್ನ ಸೆರಗು ಜಗ್ಗಿದರು.

ನಾನು ಸೆರಗು ಕಿತ್ತುಕೊಂಡು ಉಮರಗಾದವಳ ಕಡೆ ತಿರುಗಿದೆ. ಅವಳಿಗೆ ಹಿಂದಿ ಅರ್ಥವಾಗಿರಲಿಕ್ಕಿಲ್ಲ, ಈ ಮಾತು ಅವಳಿಗೆ ತಿಳಿಯದೆ ಉಳಿಯಬಾರದು. “ಕೇಳಿಸ್ತೇನ್ರಿ ಮಾವಶಿ? ನನಗ ಹಾಲು ಬಂದಿಲ್ರಿ. ನಿಮ್ಮ ಹಣಿ ಮ್ಯಾಲ ಇರೋದು ನನ್ನ ಮಗಳ ಊಟ.”

ಖಾಕಿಯವಳಿಗೆ ನಮ್ಮ ಮನೆತನದ ಕಥೆಯಲ್ಲಿ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಪುಡಿಯನ್ನು ಒಂದು ಪಟ್ಟಿಗೆ ಒರೆಸಿ ಯಂತ್ರಕ್ಕೆ ತೋರಿಸಿದಳು. ನೀರನ್ನು ಒಂದು ಗುಟುಕು ಕುಡಿ ಎಂದಳು, ಮುಚ್ಚಳಕ್ಕೆ ಸುರುವಿಕೊಂಡು ಕುಡಿದೆ. ಪುಡಿಯನ್ನೂ ನಾನೇ ಒಂದು ಚಮಚ ಬಾಯಿಗೆ ಹಾಕಿಕೊಂಡು ತೋರಿಸಿದೆ. ಮೊದಲೇ ಹೇಳಬಾರದಿತ್ತೇ ಎಂದು ಬೇಸರದಿಂದ ಎಲ್ಲವನ್ನೂ ವಾಪಸು ತಳ್ಳಿ ಮುಂದಿನ ಚೀಲಕ್ಕೆ ಕೈ ಹಾಕಿದಳು. ಅಷ್ಟೇ. ನನ್ನ ರವಿಕೆಯ ಕಡೆ ಒಮ್ಮೆಯೂ ನೋಡಲಿಲ್ಲ. ಐದು ತಿಂಗಳಲ್ಲಿ ನನ್ನ ಕೂಸಿನ ಹಾಲಿನ ಮಾತು ಕೇಳಿ ಹಾಗೆ ಸುಮ್ಮನಿದ್ದವಳು ಅವಳೊಬ್ಬಳೇ.

ಆಚೆ ಕುರ್ಚಿಗಳಿದ್ದವು. ಕೂಸನ್ನು ಅತ್ತೆಯ ತೊಡೆಯ ಮೇಲೆ ಹಾಕಿ, ನಾನು ಬಾಟಲಿಗೆ ನೀರು ಹಾಕತೊಡಗಿದೆ. ಉಮರಗಾದವಳು ಬಿಡುತ್ತಾಳೆಯೇ? ಎದುರಿಗೇ ಬಂದು ಕುಳಿತಳು. ಸೆರಗಿನಿಂದ ಹಣೆ ಒರೆಸಿದಳು, ಅಂಟು ಬಿಡಲಿಲ್ಲ, ಹುಬ್ಬಿನ ತನಕ ಹರಡಿತು. ಆ ಮುಖ ಹೊತ್ತುಕೊಂಡೇ ವರ್ಷಗಟ್ಟಲೆ ಕಾದಿಟ್ಟ ಮಾತನ್ನು ಆಡಿದಳು.

“ನನ್ನ ಮಗಳು ಸಣಕಲ ಅದಾಳ ಅಂದಿದ್ರಿ ಅಲ್ರಿ ಅಕ್ಕಾರ? ಆಕಿ ಕೂಸು ಕುಡದ ಮ್ಯಾಲೂ ಎದಿ ಹಾಲು ಮಿಕ್ಕತದ.”

ತನ್ನ ಮಗಳನ್ನು ಅತ್ತೆ ಯಾವ ತಕ್ಕಡಿಯಲ್ಲಿ ತೂಗಿ ಬಿಟ್ಟುಬಂದಿದ್ದರೋ ಅದೇ ತಕ್ಕಡಿಯನ್ನು ಇವಳೂ ಮಸ್ಕತ್ತಿನ ತನಕ ಹೊತ್ತುಕೊಂಡು ಹೊರಟಿದ್ದಳು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಅತ್ತೆ ಏನಾದರೂ ಸುಳ್ಳು ಹೊಸೆಯುತ್ತಾರೆ ಎಂದು ಕಾದೆ. ಸೊಸೆಗೆ ಜ್ವರ ಬಂದಿತ್ತು ಎನ್ನಬಹುದು, ಪ್ರಯಾಣಕ್ಕೆ ಮಾತ್ರ ಪುಡಿ ಎನ್ನಬಹುದು. ಅವರ ತುಟಿ ಆ ಕಡೆಗೇ ಅಲ್ಲಾಡುತ್ತಿತ್ತು.

ಅಳುತ್ತಿದ್ದ ಕೂಸು ಅಷ್ಟರಲ್ಲಿ ಅಜ್ಜಿಯ ಬಲಗೈ ಹಿಡಿದುಕೊಂಡಿತು. ಮೂರು ಬೆರಳ ತುದಿಯಲ್ಲಿ ಪುಡಿ ಇನ್ನೂ ಮೆತ್ತಿಕೊಂಡಿತ್ತು. ಅದನ್ನು ಬಾಯಿಗೆಳೆದು, ಅಳು ನಿಲ್ಲಿಸಿ, ಪಚಪಚ ಚೀಪತೊಡಗಿತು. ಕುರ್ಚಿಯ ಸಾಲಿನವರೆಲ್ಲ ನೋಡಿದರು. ಅತ್ತೆ ಕೈ ಹಿಂದಕ್ಕೆ ಎಳೆದುಕೊಳ್ಳಲು ಹೊರಟರು. ಕೂಸು ಮುಖ ಕಿವುಚಿ ಮತ್ತೆ ಅಳುವ ಹಾಗಾಯಿತು. ಕೈ ಅಲ್ಲೇ ನಿಂತಿತು.

“ಚೀಪು ಯವ್ವಾ,” ಎಂದರು ಅತ್ತೆ, ಉಮರಗಾದವಳ ಮುಖವನ್ನೇ ನೋಡುತ್ತ. “ನಿಂದೇ ಹಾಲು ಅದ. ಮ್ಯಾಲಿನ ಹಾಲು.”

ಆ ಮಾತು ಹೇಳುವಾಗ ಅವರ ದನಿ ಇಳಿಯಲಿಲ್ಲ.