ತಿಪ್ಪರಲಾಗಕ್ಕೆ ಕೊಸರು

ತಿಪ್ಪರಲಾಗ ಹಾಕಿದರೂ ಆಗುವುದಿಲ್ಲ ಎಂದು ನಾವೆಲ್ಲ ಕುಳಿತಲ್ಲೇ ಅಂದುಬಿಡುತ್ತೇವೆ. ನಮ್ಮ ಹಿಂದೂಪುರದ ಓಬುಳಪತಿ ನಿಜವಾಗಿ ಹಾಕಿ ನೋಡಿದವನು. ಆಗಲಿಲ್ಲ.

ಈಗ ಅವನು ಬಜಾರಿನ ಬಟ್ಟೆ ಅಂಗಡಿಯೊಂದರಲ್ಲಿ ಬಟ್ಟೆ ಅಳೆದು ಕೊಡುತ್ತಾನೆ. ಆಗ ನಮ್ಮ ಬೀದಿಯ ನೇಕಾರರ ಮನೆ ಹುಡುಗ. ಮಗ್ಗದ ಗುಂಡಿಯಿಂದ ನಮ್ಮ ನಿಮ್ಮ ಹಾಗೆ ಹತ್ತಿ ಬರುತ್ತಿರಲಿಲ್ಲ, ಹಾರಿ ಬರುತ್ತಿದ್ದ. ಸಂಜೆಯಾದರೆ ಬೀದಿಯ ಈ ತುದಿಯಿಂದ ಆ ತುದಿಗೆ ಒಂದರ ಹಿಂದೊಂದು ಲಾಗ. ಕೊನೆಯದು ಅವನೇ ಕಂಡುಕೊಂಡ ತಿಪ್ಪರಲಾಗ: ಹಿಂದಕ್ಕೆ ಹಾರಿ, ಗಾಳಿಯಲ್ಲಿ ಮೈ ತಿರುಚಿ, ಬಂದ ದಿಕ್ಕಿಗೇ ಮುಖ ಮಾಡಿ ನಿಲ್ಲುವುದು. ಜನ ಚಪ್ಪಾಳೆ ತಟ್ಟುತ್ತಿದ್ದರು. ಪಾಪ, ಅವರಿಗೆ ನಿಯಮ ಗೊತ್ತಿರಲಿಲ್ಲ.

ನಿಯಮ ಗೊತ್ತಿದ್ದವರು ಕಲ್ಯಾಣದುರ್ಗದ ಡ್ರಿಲ್ ಮಾಸ್ತರು ಕೇಶವಯ್ಯ. ಮಾವನ ಮನೆಗೆಂದು ಹಿಂದೂಪುರಕ್ಕೆ ಬಂದವರು ಇವನ ಲಾಗ ಕಂಡು, ಇದಕ್ಕೆ ಜಿಮ್ನಾಸ್ಟಿಕ್ಸ್ ಎನ್ನುತ್ತಾರೆ, ಇದಕ್ಕೊಂದು ಪುಸ್ತಕವಿದೆ ಎಂದರು. ಅಂದಿಗೆ ಓಬುಳಪತಿಯ ಸುಖ ಮುಗಿಯಿತು.

ಪುಸ್ತಕದ ಪ್ರಕಾರ ಗಂಡಸಿನ ಕಸರತ್ತು ಐವತ್ತು ಸೆಕೆಂಡಿಗೆ ಕಡಿಮೆ ಇರಕೂಡದು, ಎಪ್ಪತ್ತು ಮೀರಕೂಡದು. ಬಿಳಿ ಗೆರೆ ಎಳೆದ ಚೌಕದ ನಾಲ್ಕೂ ಮೂಲೆಗೆ ಹೋಗಿ ಬರಬೇಕು, ಹೋಗದಿದ್ದರೆ ಮೂಲೆಗಳು ನೊಂದುಕೊಳ್ಳುತ್ತವೆ. ನಡುವೆ ಒಂಟಿ ಕಾಲಿನ ಮೇಲೆ ನಿಲ್ಲಬೇಕು. ಕೈಯೂರಿ ನಿಧಾನವಾಗಿ ತಲೆಕೆಳಗಾಗಿ ಎದ್ದು ಎರಡು ಸೆಕೆಂಡು ಅಲುಗದೆ ಇರಬೇಕು, ಹಾರುವವನಿಗೆ ಶಕ್ತಿಯೂ ಇದೆಯೆಂದು ಮೇಜಿನ ಹಿಂದೆ ಕುಳಿತ ತೀರ್ಪುಗಾರರಿಗೆ ಖಾತರಿಯಾಗಬೇಕಲ್ಲ. ಸಂಗೀತ ಹೆಂಗಸರಿಗೆ ಮಾತ್ರ. ಗಂಡಸು ತನ್ನ ಉಸಿರಾಟವನ್ನೇ ಕೇಳಿಕೊಳ್ಳಬೇಕು. ಇಳಿದಾಗ ಒಂದು ಹೆಜ್ಜೆ ಅಲುಗಿದರೆ ಒಂದು ಅಂಕದ ಹತ್ತನೇ ಒಂದು ಪಾಲು ಕಡಿತ. ಗೆರೆಯಾಚೆ ಕಾಲು ಬಿದ್ದರೆ ಮತ್ತೊಂದು ಅಷ್ಟೇ.

"ಕತ್ತು ಮುರಿದ್ರೆ ಎಷ್ಟು ಸಾ?" ಎಂದು ನಾನು ಕೇಳಿದೆ.

"ಅದು ಇದ್ರಾಗಿಲ್ಲ ಕಣಪ್ಪ" ಎಂದು ಕೇಶವಯ್ಯ ಪುಟ ತಿರುವಿದರು.

ಹೀಗೆ ಬೀದಿಯುದ್ದ ಹರಿಯುತ್ತಿದ್ದ ಲಾಗಗಳನ್ನು ತುಂಡು ಮಾಡಿ ಮೂಲೆಯಿಂದ ಮೂಲೆಗೆ ಹಂಚಿದ್ದಾಯಿತು. ಓಬುಳಪತಿ ತಕರಾರು ಮಾಡಲಿಲ್ಲ. ಕಲ್ಯಾಣದುರ್ಗದಲ್ಲಿ ರಾಜ್ಯ ಪಂದ್ಯಕ್ಕೆ ಆಯ್ಕೆ ನಡೆಯಲಿತ್ತು. ಜಿಲ್ಲೆಯಿಂದ ಒಬ್ಬನೇ ಒಬ್ಬ ಹೈದರಾಬಾದಿಗೆ ಹೋಗುವವ. ಅಲ್ಲಿ ಕಾಲಿಟ್ಟರೆ ತಾನೇ ಮೇಲಕ್ಕೆ ಎತ್ತುವಂಥ ಹಲಗೆ ನೆಲವಿದೆ ಎಂದು ಮಾಸ್ತರು ಹೇಳಿದ್ದರು. ಆ ನೆಲದ ಮೇಲೆ ಒಂದೇ ಒಂದು ಸಲ ತಿಪ್ಪರಲಾಗ ಹಾಕಬೇಕು ಎನ್ನುವುದು ಬಿಟ್ಟು ಅವನ ಬಾಯಲ್ಲಿ ಬೇರೆ ಮಾತಿರಲಿಲ್ಲ.

ಪುಸ್ತಕದ ಅತಿ ದೊಡ್ಡ ತಮಾಷೆ ಕೊನೆಯಲ್ಲಿತ್ತು. ಒಂದು ತಪ್ಪೂ ಇಲ್ಲದೆ ಎಲ್ಲ ಮಾಡಿದರೂ ಸಿಗುವುದು ಒಂಬತ್ತು ಚಿಲ್ಲರೆ. ಉಳಿದದ್ದು ಅಪಾಯಕ್ಕೆ, ಹೊಸತನಕ್ಕೆ, ಸೊಗಸಿಗೆ ಎಂದು ತೀರ್ಪುಗಾರರು ಮೆಚ್ಚಿ ಕೊಡುವ ಬೋನಸ್. ಹೊಸದು ಮಾಡಬೇಕು, ಆದರೆ ಅವರಿಗೆ ಅರ್ಥವೂ ಆಗಬೇಕು. ಅರ್ಥವಾಗದಿದ್ದರೆ ಹೊಸತನವೇ ತಪ್ಪು.

ಓಬುಳಪತಿಯ ತಾಯಿ ಬನಶಂಕರಮ್ಮನಿಗೆ ಈ ಲೆಕ್ಕ ಹಿಡಿಸಲಿಲ್ಲ. "ತೆಪ್ಪೇ ಇಲ್ದಿದ್ರೂ ಹತ್ತು ಯಾಕೆ ಕೊಡಾಕಿಲ್ವಂತೆ?"

ಕೇಶವಯ್ಯ ಬೋನಸ್ಸಿಗೆ ಕನ್ನಡಕ್ಕೂ ತೆಲುಗಿಗೂ ಒಗ್ಗುವ ಒಂದು ಮಾತು ಹುಡುಕಿದರು. "ಬರೀ ಅಸಲು ಸಾಲ್ದು ಕಣಮ್ಮ. ಕೊಸರು ಕೊಡ್ಬೇಕು. ಕೊಸರಿಲ್ದೆ ಹತ್ತು ಬರಾಕಿಲ್ಲ."

ಆ ಮನೆಯಲ್ಲಿ ಕೊಸರು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಬಟ್ಟೆ ಅಳೆದ ಮೇಲೆ ಇನ್ನೊಂದಿಷ್ಟು ಬಿಟ್ಟು ಕತ್ತರಿಸುವುದು ಅವರ ವಂಶದ ಮರ್ಯಾದೆ. ಅಳತೆಗೆ ಸರಿಯಾಗಿ ಕತ್ತರಿಸುವವನನ್ನು ಅವರು ಕಳ್ಳನ ಪಕ್ಕದಲ್ಲೇ ಕೂರಿಸುತ್ತಿದ್ದರು.

ಅಭ್ಯಾಸಕ್ಕೆ ಹನ್ನೆರಡು ಮೀಟರಿನ ಚೌಕ ಬೇಕಿತ್ತು. ಬನಶಂಕರಮ್ಮ ಹುಣಸೆ ಮಂಡಿಯಿಂದ ಹಳೆಯ ಗೋಣಿಚೀಲ ತರಿಸಿ, ಬಿಚ್ಚಿ, ಒಂದಕ್ಕೊಂದು ಸೇರಿಸಿ ಹೊಲಿದು, ಮಂಡಿಯ ಹಿಂದಿನ ಬಯಲಿನಲ್ಲಿ ರಾಗಿಹುಲ್ಲಿನ ಮೇಲೆ ಹಾಸಿಸಿದರು. ಪುಸ್ತಕದವರು ಬಿಳಿ ಗೆರೆ ಎಂದಿದ್ದರೆ ಇವರು ಸೀರೆಗೆ ಹಾಕುವಂತೆ ಸುತ್ತಲೂ ಕೆಂಪು ಅಂಚು ಕೊಟ್ಟರು. ಭಾನುವಾರದ ಬಸ್ಸಿಗೆ ಬಂದ ಕೇಶವಯ್ಯ, ಕೈಯಲ್ಲಿ ಪುಸ್ತಕವಿದ್ದ ಕಾರಣ ಟೇಪು ತಂದಿರಲಿಲ್ಲ.

"ಹನ್ನೆರಡು ಸರ್ಯಾಗೈತಾ ಕಣಮ್ಮ?"

"ನಮ್ಮನೆ ಅಳತೆ ಯಾವತ್ತೂ ಕಮ್ಮಿ ಬಂದಿಲ್ಲ ಸಾ."

ಕಡಿಮೆ ಬಂದಿರಲಿಲ್ಲ, ನಿಜ. ಒಂದು ವರ್ಷ ಓಬುಳಪತಿ ಈ ಅಂಚಿನಿಂದ ಆ ಅಂಚಿಗೆ ಹಾರಿದ. ಕೈಗೆ ಹುಣಸೆಯ ಹುಳಿ ಹತ್ತಿತು, ಮೈಯೆಲ್ಲ ಗೋಣಿ ಕೆರೆತ. ಕಣ್ಣು ಮುಚ್ಚಿದರೂ ಕಾಲು ಕೆಂಪು ಅಂಚಿನ ಒಳಗೇ ಇಳಿಯುವಷ್ಟು ಪಳಗಿದ.

ಎಂಬತ್ತೆರಡರಲ್ಲಿ ಆಯ್ಕೆಗೆ ತಾಯಿ, ಮಗ, ನಾನು ಮೂವರೂ ಕಲ್ಯಾಣದುರ್ಗಕ್ಕೆ ಹೋದೆವು, ಕೇಶವಯ್ಯ ಅಲ್ಲೇ ಕಾದಿದ್ದರು. ಶಾಲೆಯ ಮೈದಾನದಲ್ಲಿ ಜಿಲ್ಲಾ ಕೇಂದ್ರದಿಂದ ತಂದ ಹಾಸು, ಅದಕ್ಕೆ ಚೊಕ್ಕ ಬಿಳಿ ಗೆರೆ. ಮೊದಲು ಬಂದ ಅನಂತಪುರದ ಹುಡುಗ ಅರ್ಜಿ ತುಂಬಿದಂತೆ ಮಾಡಿದ: ಮೂಲೆ, ಒಂಟಿ ಕಾಲು, ಕೈಯೂರಿದ್ದು, ಮತ್ತೆ ಮೂಲೆ. ಎಲ್ಲೂ ಬಿಡಲಿಲ್ಲ, ಎಲ್ಲೂ ಹೆಚ್ಚಿಗೆ ಬರೆಯಲಿಲ್ಲ. ತೀರ್ಪುಗಾರರ ಮುಖ ಕಳೆಗಟ್ಟಿತು.

ಆಮೇಲೆ ಓಬುಳಪತಿ. ಮೂಲೆಯಿಂದ ಓಡಿ, ಲಾಗದ ಮೇಲೆ ಲಾಗ ಹಾಕಿ, ಎದುರು ಮೂಲೆಯಲ್ಲಿ ಮೊಳೆ ಹೊಡೆದಂತೆ ನಿಂತ. ಗೆರೆಯ ಆಚೆ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡಿದ್ದವನೊಬ್ಬ ಕೆಂಪು ಬಾವುಟ ಎತ್ತಿದ. ಬಾವುಟ ಎತ್ತುವುದು ಗೌರವಕ್ಕಲ್ಲದೆ ಇನ್ನೇತಕ್ಕೆ ಎಂದುಕೊಂಡ ಜನ ಸಿಳ್ಳೆ ಹಾಕಿದರು. ಬನಶಂಕರಮ್ಮ ಬಾವುಟಕ್ಕೆ ಕೈ ಮುಗಿದರು. ಎರಡನೆಯ ಸಲ ಮತ್ತೆ ಆಚೆ, ಮತ್ತೆ ಬಾವುಟ. ಗೆರೆ ದಾಟುತ್ತಿದ್ದೇನೆಂದು ಓಬುಳಪತಿಗೆ ಆಗಲೇ ಗೊತ್ತಾಗಿತ್ತು, ಕಾಲಿಗೆ ಗೊತ್ತಾಗಲಿಲ್ಲ. ಕೊನೆಯ ತಿಪ್ಪರಲಾಗವನ್ನು ಅಷ್ಟು ಚೆನ್ನಾಗಿ ಹಾಕಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅದಕ್ಕೂ ಬಾವುಟ.

ಬಾವುಟಗಳು ತಿಂದದ್ದು ಒಂದು ಅಂಕದ ಹತ್ತು ಪಾಲಿನಲ್ಲಿ ಮೂರು. ಅವನು ಸೋತದ್ದು ಅಂಥ ಎರಡು ಪಾಲಿನಿಂದ. ಅನಂತಪುರದ ಹುಡುಗ ಹೈದರಾಬಾದಿಗೆ ಹೊರಟ. ನನಗೆ ತೀರ್ಪುಗಾರರ ಮೇಲೆ ಮೈಯೆಲ್ಲ ಉರಿಯಿತು. ಅವರು ಗೆರೆಯನ್ನು ಸರಿಯಾಗಿಯೇ ನೋಡಿದ್ದರು ಎನ್ನುವುದಕ್ಕೆ ಇನ್ನಷ್ಟು ಉರಿಯಿತು.

ಕೇಶವಯ್ಯನವರಿಗೆ ಏನೋ ಹೊಳೆಯಿತು. "ಬನಶಂಕರಮ್ಮ, ಆ ಗೋಣಿ ಹಾಸು ಎಷ್ಟು ಅಳತೆ?"

"ನೀವೇಳಿದ್ದೇ ಸಾ, ಹನ್ನೆರಡು. ಅದ್ರ ಮ್ಯಾಲೆ ಕಡೆಕಡೆಗೂ ಒಂದೊಂದು ಮೊಳ ಕೊಸರು ಬುಟ್ಟಿವ್ನಿ. ಕೊಸರಿಲ್ದೆ ಹತ್ತು ಬರಾಕಿಲ್ಲ ಅಂದಿದ್ರಲ್ಲ."

ಮಾಸ್ತರು ಬಾಯಿ ತೆರೆದರು. ಓಬುಳಪತಿ ಅವರ ತೋಳು ಹಿಡಿದು ಅದುಮಿದ. ಬಾಯಿ ಮುಚ್ಚಿತು.

"ಹೋಗ್ಲಿ ಬುಡು ಮಗಾ, ಅವ್ರ ಕಡೆ ಹುಡ್ಗುನ್ನ ಅವ್ರು ಆರಿಸ್ಕೊಂಡ್ರು" ಎಂದರು ಬನಶಂಕರಮ್ಮ. "ಆದ್ರೆ ಅವನ್ಗೆ ಒಂದ್ಸಲಾನೂ ಬಾವುಟ ಎತ್ಲಿಲ್ಲ. ನಿಂಗೆ ಮೂರು ಕಿತ ಎತ್ತುದ್ರಲ್ಲ, ಏತಕ್ಲಾ ಅದು?"

ಓಬುಳಪತಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

"ಕೊಸರಿಗೆ ಕಣಮ್ಮ" ಎಂದ.

ವಾಪಸ್ಸು ಬರುವಾಗ ಸೋಮಂದೇಪಲ್ಲಿಯಲ್ಲಿ ಬಸ್ಸು ಹತ್ತಿದ ಹೆಂಗಸಿಗೆ ಬನಶಂಕರಮ್ಮ ಜಾಗ ಬಿಟ್ಟುಕೊಟ್ಟು, "ಮಾ ವಾಡಿಕಿ ಮೂಡು ಸಾರ್ಲು ಜೆಂಡಾ ಎತ್ತಿನಾರಮ್ಮಾ, ಕೊಸರುಕು" ಎಂದು, ಮಗನಿಗೆ ಕೊಸರಿಗಾಗಿ ಮೂರು ಸಲ ಬಾವುಟ ಎತ್ತಿದ್ದನ್ನು ತೆಲುಗಿನಲ್ಲಿ ಹೇಳತೊಡಗಿದರು. ಆಕೆ ಓಬುಳಪತಿಯತ್ತ ತಿರುಗಿ ನಿಜವಾ ಎಂದು ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ.