ಮಾನ್ವಿಯ ಕಂಪ್ಯೂಟರಿನಲ್ಲಿದ್ದ ಪದಗಳು

ರಾಯಚೂರಿನ ನನ್ನ ಅಂಗಡಿಗೆ ರಿಪೇರಿಗೆಂದು ರೇಡಿಯೊ ಬರುವುದು ನಿಂತ ಮೇಲೆ ಹಳೆಯ ಕಂಪ್ಯೂಟರುಗಳು ಬರತೊಡಗಿದವು. ಓದಿದ್ದು ಹೈಸ್ಕೂಲು, ಉಳಿದದ್ದು ಕೈಗೆ ಹತ್ತಿದ್ದು. ವಿಂಡೋಸ್ ಹೊರಲಾರದೆ ತೆವಳುವ ಯಂತ್ರಕ್ಕೆ ಲಿನಕ್ಸ್ ಎಂಬ ಹಗುರವಾದ ತಂತ್ರಾಂಶ ಹಾಕಿದರೆ ಅದು ಎದ್ದು ಓಡುತ್ತದೆ. ಗುಜರಿಗೆ ಹೋಗಬೇಕಾದದ್ದು ಮನೆಗೆ ಹೋಗುತ್ತದೆ. ಆ ಸಂತೋಷ ನನ್ನ ತಲೆಗೇರಿತ್ತು.

ಮಾನ್ವಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಣ್ಣುಮಗಳೊಬ್ಬಳು ತನ್ನ ಕಂಪ್ಯೂಟರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಚೀಕಲಪರ್ವಿಯ ಅವಳ ತಾಯಿ ಬೀಸುವಾಗ, ನಾಟಿ ಮಾಡುವಾಗ ಹಾಡುತ್ತಿದ್ದ ಪದಗಳನ್ನು ಹಿಂದೆ ಅದರಲ್ಲಿ ಟೈಪ್ ಮಾಡಿಟ್ಟಿದ್ದಳು. ತಾಯಿ ಈಗ ಇಲ್ಲ.

"ಮಷಿನ್ ಹ್ಯಾಂಗರ ಆಗ್ಲಿ ಯಪ್ಪಾ, ನಮ್ಮವ್ವನ ಪದ ಅಷ್ಟು ಜ್ವಾಪಾನ್ರೀ."

ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ ಆ ಫೈಲುಗಳನ್ನು ತೆರೆದೆ. ಒಂದೂ ಕನ್ನಡ ಅಕ್ಷರವಿಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟು ಎಲ್ಲ ಕಲಸಿಹೋಗಿದ್ದವು. ಕೆಟ್ಟಿವೆ ಎಂದುಕೊಂಡೆ. ಅವಳಿಗೊಂದು ಫೋನ್ ಮಾಡಬಹುದಿತ್ತು. ಯಂತ್ರ ಓಡುವುದನ್ನು ನೋಡುವ ಆತುರದಲ್ಲಿ ಡಿಸ್ಕ್ ಪೂರ್ತಿ ಅಳಿಸಿ ಹೊಸದನ್ನು ಹಾಕಿದೆ.

ಅವಳು ಬಂದಾಗ, "ವೈರಸ್ ತಿಂದುಬಿಟ್ಟಿತ್ತವ್ವಾ, ನಾ ನೋಡೂದ್ರಾಗ ಏನೂ ಉಳಿದಿದ್ದಿಲ್ಲ" ಎಂದೆ. ನೋಡಿದ್ದನ್ನು ಹೇಳಲಿಲ್ಲ, ಅಳಿಸಿದ್ದನ್ನೂ ಹೇಳಲಿಲ್ಲ. "ನೀವಾದ್ರೂ ಏನ್ ಮಾಡ್ತೀರಿ ಬಿಡ್ರಿ" ಎಂದು ಅವಳೇ ನನಗೆ ಸಮಾಧಾನ ಹೇಳಿ ಹೋದಳು.

ಕೆಲವು ತಿಂಗಳ ನಂತರ ದೇವದುರ್ಗದ ಝೆರಾಕ್ಸ್ ಅಂಗಡಿಯವನು ಕರೆಸಿದ. "ಬರ್ರಿ ಬರ್ರಿ, ಹೆಣಾ ಎಬ್ಬಿಸೋ ಡಾಕ್ಟರು ಬಂದ್ರು!" ಲಿನಕ್ಸ್ ಚಾಲೂ ಮಾಡಿ ಫೈಲು ತೆರೆದರೆ ಅವನ ಯಂತ್ರದಲ್ಲಿಯೂ ಅದೇ ಕಲಸಿದ ಅಕ್ಷರ. ಇವೂ ಕೆಟ್ಟಿವೆ ಎಂದೆ.

"ಏನ್ ಕೆಟ್ಟದ ಮಾರಾಯ್ರ? ಹಳೇ ಕನ್ನಡ ಫಾಂಟ್ ಅದು. ನಿಮ್ಮ ಹೊಸಾದ್ರಾಗ ಆ ಫಾಂಟ್ ಇಲ್ಲ, ಅಷ್ಟ."

ಇನ್ನೊಂದು ಯಂತ್ರದಿಂದ ಫಾಂಟ್ ತಂದು ಹಾಕಿದ. ಗೀಟು, ಚುಕ್ಕೆಗಳೆಲ್ಲ ಯಾರದೋ ಮದುವೆಯ ಕರೆಯೋಲೆಯಾಗಿ ನಿಂತವು.

"ಯಾಕ್ರೀ, ಬೆವರಾಕತ್ತೀರಲ್ಲ? ಚಾ ತರಸ್ಲೇನು?"

ಅಂದಿನಿಂದ ಕುಳಿತಲ್ಲಿ ಕೂರಲಾಗಲಿಲ್ಲ. ಯಾವ ಯಂತ್ರ ಬಿಚ್ಚಿದರೂ ಕೈ ಹಿಂದೆಗೆಯುತ್ತಿತ್ತು. ಅಳಿಸಿದ ಮೇಲೆ ಮಾನ್ವಿಯ ಹೆಣ್ಣುಮಗಳ ಡಿಸ್ಕಿನಲ್ಲಿ ಹೊಸದು ಬರೆದಾಗಿತ್ತು, ಅದನ್ನು ಮರಳಿ ತೆಗೆಯುವ ವಿದ್ಯೆ ನನ್ನಲ್ಲಿರಲಿಲ್ಲ. ಎರಡು ಸಲ ಮಾನ್ವಿ ಬಸ್ಸು ಹತ್ತಿ ನಡುವೆಯೇ ಇಳಿದುಬಿಟ್ಟೆ. ಮೂರನೆಯ ಸಲ ಅವಳ ಅಂಗಡಿಯ ಬಾಗಿಲಲ್ಲಿ ನಿಂತೇ ಹೇಳಿದೆ.

"ವೈರಸ್ ಅಲ್ಲವ್ವಾ. ಪದ ಚೆಂದಾಗಿ ಇದ್ವು. ನಾನ ಅಳಿಸಿದೆ."

ಹೊಲಿಗೆ ಯಂತ್ರ ನಿಂತಿತು.

"ಈಗ್ಯಾಕ ಬಂದು ಹೇಳಿದ್ರಿ? ವೈರಸ್ ಅಂತ ತಿಳ್ಕೊಂಡು ಸುಮ್ಮನಾಗಿದ್ದೆ ನಾನು."

ನಾನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತೆ. ಅವಳು ಎದ್ದು ಕಂಪ್ಯೂಟರ್ ಚಾಲೂ ಮಾಡಿದಳು. ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತ ಎರಡು ಸಾಲು ಟೈಪ್ ಮಾಡಿದಳು. ಮುಂದಿನದು ಬರಲಿಲ್ಲ. ಮತ್ತೆ ಮೊದಲಿನಿಂದ ಹಾಡಿದಳು, ಅಲ್ಲಿಯೇ ನಿಂತಳು. ನಾನು ಹೊರಡಲು ಎದ್ದೆ, ಮತ್ತೆ ಕುಳಿತೆ. ಅವಳು ಇನ್ನೊಮ್ಮೆ ಮೊದಲ ಸಾಲಿನಿಂದ ಹಾಡತೊಡಗಿದಳು.